ಕೂಡಿ ಕಳೆಯುವ ಲೆಕ್ಕ

ಡ್ಯಾರೆಲ್ ಕ್ನುಟ್ಸನ್ ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಮಿನ್ನೆಸೋಟಾದ ಆ ಸಣ್ಣ ಊರಿನಲ್ಲಿ ಅವನು ದನಿ ಎತ್ತಿದ್ದನ್ನು ಕಂಡವರಿಲ್ಲ. ಹೆಂಡತಿಗೆ ವೃದ್ಧಾಶ್ರಮದಲ್ಲಿ ಸಂಜೆ ಪಾಳಿ. ಹಾಗಾಗಿ ಊಟವಾದ ಮೇಲೆ ಎಂಟು ವರ್ಷದ ಮಗಳು ಬ್ರಿಟಾಗೆ ಲೆಕ್ಕ ಹೇಳಿಕೊಡುವುದು ಅವನ ಪಾಲಿನ ಕೆಲಸ. ದಿನವಿಡೀ ಅವನು ಕಾಯುತ್ತಿದ್ದುದು ಆ ಹೊತ್ತಿಗಾಗಿ. ಇದನ್ನು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಶಾಲೆಗೆ ಹೊಸ ಗಣಿತ ಬಂತು. ಐವತ್ತೆರಡರಲ್ಲಿ ಹದಿನೇಳು ಕಳೆಯಲು ಡ್ಯಾರೆಲ್ ತನಗೆ ಗೊತ್ತಿದ್ದಂತೆ ಪಕ್ಕದಿಂದ ಹತ್ತು ಸಾಲ ತರುವುದನ್ನು ಕಲಿಸಿದ. ಮನೆಲೆಕ್ಕದ ಹಾಳೆ ಶಾಲೆಯಿಂದ ವಾಪಸು ಬಂತು: ‘ಉತ್ತರ ಸರಿ. ಹೇಗೆ ಯೋಚಿಸಿದೆ?’ ಡ್ಯಾರೆಲ್ ಅದರ ಕೆಳಗೆ ‘ತಲೆಯಿಂದ’ ಎಂದು ಬರೆದು ಕಳಿಸಿದ. ಮತ್ತೆ ವಾಪಸು ಬಂತು.

“ಅಪ್ಪಾ, ಇನ್ಮೇಲೆ ನೀನು ಹೇಳ್ಕೊಡ್ಬೇಡ. ನಂಗೆ ಎರಡೆರಡು ಸಲ ಮಾಡೋ ಹಾಗಾಗತ್ತೆ,” ಎಂದು ಬ್ರಿಟಾ ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದಳು.

ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಉಳಿದ ಅಪ್ಪಂದಿರೂ ಕುದಿಯುತ್ತಿದ್ದರು. “ಕಳೆಯೋದಕ್ಕೆ ಕೂಡ್ಬೇಕಂತೆ. ಶಾಲೆ ಸಭೇಲಿ ಕೇಳೇ ಕೇಳ್ತೀನಿ, ಬಿಡಲ್ಲ,” ಎಂದ ಅವರಲ್ಲೊಬ್ಬನಾದ ಲೈಲ್.

ಸಭೆಯಲ್ಲಿ ಎಲ್ಲರೂ ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತರು. ಶಿಕಾಗೋದಿಂದ ಹೊಸದಾಗಿ ಬಂದಿದ್ದ ಟೀಚರ್ ಸಾಲ್ಸೆಡೊ, “ಹೊಸ ಗಣಿತದಿಂದ ಯಾರಿಗಾದ್ರೂ ತೊಂದರೆ ಇದೆಯಾ?” ಎಂದು ಕೇಳಿದರು.

“ಕಾಫಿ ಚೆನ್ನಾಗಿದೆ,” ಎಂದ ಲೈಲ್.

ಎದುರಿಗೆ ನಿಂತು ದೂರುವುದೂ ತಟ್ಟೆಯ ಕೊನೆಯ ತುಂಡು ತಿನ್ನುವುದೂ ಆ ಊರಿನಲ್ಲಿ ಒಂದೇ ತೂಕದ ತಪ್ಪು. ಸಭೆಯ ಕಾಫಿಯ ಪಕ್ಕದ ತಟ್ಟೆಯಲ್ಲಿ ಉಳಿದಿದ್ದ ಒಂದೇ ಒಂದು ಚಾಕೊಲೇಟ್ ಕೇಕಿನ ತುಂಡನ್ನು ಬಂದವರೆಲ್ಲ ಅರ್ಧ ಕತ್ತರಿಸಿ ಅರ್ಧ ಬಿಡುತ್ತ ಹೋಗಿದ್ದರಿಂದ ಅದೀಗ ಉಗುರಿನಷ್ಟಾಗಿತ್ತು.

ಟೀಚರಿಗೆ ಸಂತೋಷವಾಯಿತು. “ಹಾಗಾದ್ರೆ ಮುಂದಿನ ವಾರ ಗುಣಾಕಾರನೂ ಹೊಸ ಥರದಲ್ಲೇ ಶುರು ಮಾಡೋಣ.”

ಡ್ಯಾರೆಲ್ ಎದ್ದ. ಕುರ್ಚಿಯೂ ಅವನೊಂದಿಗೆ ಎದ್ದಿತು. ಅದನ್ನು ಬಿಡಿಸಿ ಕೆಳಗಿಟ್ಟು, “ಮಗಳು ನನ್ ಜೊತೆ ಲೆಕ್ಕ ಮಾಡಲ್ಲ ಅಂತಾಳೆ,” ಎಂದ. “ಅಷ್ಟೇ.”

ಎಲ್ಲರೂ ನೆಲ ನೋಡಿದರು.

“ನಿಮಗೆ ನಾನು ಹೇಳ್ಕೊಡ್ಲಾ?” ಎಂದರು ಟೀಚರ್.

“ಬೇಡ ಮಿಸ್,” ಎಂದ ಡ್ಯಾರೆಲ್. “ನೀವು ಹೇಳ್ಕೊಟ್ರೆ ನಂಗೆ ಬಂದ್ಬಿಡತ್ತೆ. ಅವಳನ್ನೇ ಕೇಳ್ತೀನಿ.”

ಮರುದಿನ ಸಂಜೆ ಬ್ರಿಟಾ ಊಟದ ಮೇಜಿನಲ್ಲಿ ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಒಂದು ತುದಿಗೆ ಹದಿನೇಳು, ಇನ್ನೊಂದಕ್ಕೆ ಐವತ್ತೆರಡು ಬರೆದಳು. “ಹದಿನೇಳರಿಂದ ಇಪ್ಪತ್ತಕ್ಕೆ ಹಾರು. ಎಷ್ಟು?”

“ಮೂರು.”

“ಅಲ್ಲಿಂದ ಐವತ್ತಕ್ಕೆ?”

“ಮೂವತ್ತು.”

“ಅಲ್ಲಿಂದ ಐವತ್ತೆರಡಕ್ಕೆ ಎರಡು. ಈಗ ಹಾರಿದ್ದೆಲ್ಲ ಕೂಡು. ಎಷ್ಟಾಯ್ತು?”

ಡ್ಯಾರೆಲ್ ಗೆರೆಯನ್ನೇ ನೋಡುತ್ತ ಗಲ್ಲ ಕೆರೆದುಕೊಂಡ. “ಗೊತ್ತಾಗ್ಲಿಲ್ಲ, ಮರಿ.”

ಬ್ರಿಟಾ ನಿಟ್ಟುಸಿರು ಬಿಟ್ಟು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. “ಮೊದಲಿಂದ ಮಾಡೋಣ,” ಎಂದಳು.