ಪರಮಶಿವಪ್ಪನವರ ಸವೆಯದ ಕೀಲಿಮಣೆ

ಟೈಪ್‌ರೈಟರ್ ರಿಪೇರಿ ಮಾಡುವ ಪರಮಶಿವಪ್ಪನವರು ಬಂದರೆಂಬುದು ಅವರು ಕಣ್ಣಿಗೆ ಬೀಳುವ ಮೊದಲೇ ಗೊತ್ತಾಗುತ್ತಿತ್ತು. ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ, ಹಣೆಯ ವಿಭೂತಿ, ಈ ಮೂರೂ ಬೆರೆತ ವಾಸನೆಯೊಂದು ಅವರಿಗಿಂತ ಎರಡು ಹೆಜ್ಜೆ ಮುಂದಾಗಿ ಕಚೇರಿಯ ಹೊಸ್ತಿಲು ದಾಟುತ್ತಿತ್ತು. ಹಿಂದೆಯೇ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಅವರು ಬರುತ್ತಿದ್ದರು. ಚೀಲದೊಳಗೆ ಸಣ್ಣ ತಿರುಪುಳಿಗಳು, ಹಲ್ಲುಜ್ಜಿ ಬಿಟ್ಟ ಬ್ರಷ್ಷುಗಳು, ಹಳೆಯ ಪಂಚೆಯ ತುಂಡುಗಳು. ಎಲ್ಲದರ ಮೇಲೆ, ಕೊಕ್ಕರೆಯಂತೆ ಉದ್ದ ಮೂತಿಯ ಒಂದು ಎಣ್ಣೆಡಬ್ಬಿ.

ಮನೆ ಶಿಕಾರಿಪುರದಲ್ಲಿ. ಆದರೆ ಪ್ರತಿ ಗುರುವಾರ ಬಸ್ಸು ಹತ್ತಿ ಸೊರಬಕ್ಕೆ ಹೋಗುವುದು ಮೂವತ್ತು ವರ್ಷಗಳ ರೂಢಿ. ಎರಡೂ ತಾಲ್ಲೂಕುಗಳಲ್ಲಿ ಅವರ ಕೈ ತಾಗದ ಟೈಪ್‌ರೈಟರ್ ಇರಲಿಲ್ಲ. ಯಂತ್ರ ರಿಪೇರಿಯಾದ ಮೇಲೆ ಅದರ ಮುಂದೆ ನೆಟ್ಟಗೆ ಕುಳಿತು, ಕಣ್ಣು ಮುಚ್ಚಿ, ಟೈಪಿಂಗ್ ಕಲಿಯುವವರ ಮೊದಲ ಪಾಠವನ್ನು ಹತ್ತೂ ಬೆರಳುಗಳಿಂದ ಬಡಿಯುತ್ತಿದ್ದರು. ಅಕ್ಷರ ನೋಡುತ್ತಿರಲಿಲ್ಲ, ಶಬ್ದ ಕೇಳುತ್ತಿದ್ದರು. ಶಬ್ದ ಒಂದೇ ಸಮನಾಗಿ ಬಂದರೆ ಕಣ್ಣು ತೆರೆದು, ಕಡೆಯದಾಗಿ ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದರು. ಅದು ಬೇಕಿರಲಿ, ಬೇಡದಿರಲಿ, ಬಿಡಲೇಬೇಕು. ಯಂತ್ರವನ್ನು ಎಣ್ಣೆಯಿಲ್ಲದೆ ಹಿಂದಿರುಗಿಸುವುದೆಂದರೆ ಅವರ ಮಟ್ಟಿಗೆ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮವಿಲ್ಲದೆ ಕಳಿಸಿದ ಹಾಗೆ.

ಶಿಕಾರಿಪುರದ ಟೈಪಿಂಗ್ ಶಾಲೆಯಲ್ಲಿ ಕಲಿತ ಹುಡುಗಿಯರ ಪೈಕಿ ಅವರಿಗೆ ಬಹಳ ಅಚ್ಚುಮೆಚ್ಚಿನವಳು ತಾಳಗುಂದದ ರೈತ ಚೌಡಪ್ಪನ ಮಗಳು ವಾಣಿಶ್ರೀ. ಅವಳ ಕೈ ಭಾರ. ಸ್ಟೆನ್ಸಿಲ್ ಹಾಳೆಯ ಮೇಲೆ ಅವಳು ಹೊಡೆದ ಅಕ್ಷರ ನೂರು ಪ್ರತಿ ತೆಗೆದರೂ ಮಸುಕಾಗುತ್ತಿರಲಿಲ್ಲ.

“ಕಿರುಬೆರಳೇನವ್ವಾ ಇದು, ಗುದ್ದಲಿ ಇದ್ದಂಗೈತಲ್ಲ!” ಎಂದು ಅವರು ಕೆಣಕುತ್ತಿದ್ದರು.

“ಗುದ್ದಲಿ ಹಿಡಿದ ಮನೇನೇ ಅಲ್ವೇನ್ರಿ ದೊಡ್ಡಪ್ಪ ನಮ್ಮದು,” ಎನ್ನುತ್ತಿದ್ದಳು ಅವಳು. ನೆಂಟಸ್ತಿಕೆಯೇನೂ ಇರಲಿಲ್ಲ, ಕರೆದು ಕರೆದು ದೊಡ್ಡಪ್ಪನಾಗಿದ್ದರು. ಮಕ್ಕಳಿಲ್ಲದ ಪರಮಶಿವಪ್ಪನವರಿಗೆ ಆ ಕರೆ ಕೇಳಿದಾಗಲೆಲ್ಲ ಮನಸ್ಸು ತಂಪಾಗುತ್ತಿತ್ತು.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಸೊರಬದ ಸಂಗಮೇಶ್ ತನ್ನ ಜೆರಾಕ್ಸ್ ಅಂಗಡಿಗೆ ಒಂದು ಕಂಪ್ಯೂಟರು ತಂದನು. ಲಗ್ನಪತ್ರಿಕೆ, ಅರ್ಜಿ, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲವನ್ನೂ ಅದರಲ್ಲೇ ಮಾಡುವುದೆಂದಾಯಿತು. ಪರಮಶಿವಪ್ಪನವರ ಮಾತಿನ ಮೇಲೆ ವಾಣಿಶ್ರೀಗೆ ಅಲ್ಲಿ ಕೆಲಸ ಸಿಕ್ಕಿತು. ಆಗಲೇ ಗಂಡು ನೋಡುತ್ತಿದ್ದ ಚೌಡಪ್ಪ ಮಗಳ ಹಟಕ್ಕೆ ಸೋತು, “ಕೆಲಸ ಇರೋತನಕ ಮದುವೆ ಮಾತು ಎತ್ತಲ್ಲ, ಹೋಗು,” ಎಂದು ಬಾಯಿಬಿಟ್ಟು ಹೇಳಿದ್ದ. ಅವಳು ದಿನವೂ ಸೊರಬದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ತೊಡೆಯ ಮೇಲೆ ಬೆರಳಾಡಿಸುತ್ತ ಹೋಗುತ್ತಿದ್ದಳು.

ಒಂದು ಗುರುವಾರ ಅವಳು ಪರಮಶಿವಪ್ಪನವರನ್ನು ಅಂಗಡಿಗೆ ಕರೆದಳು. “ದೊಡ್ಡಪ್ಪ, ಮೌಸು ಎಳೆದ ಕಡೆ ಬರ್ತಿಲ್ಲ, ನೋಡ್ರಿ.”

ಅವರು ಆ ಸಣ್ಣ ವಸ್ತುವನ್ನು ಅಂಗಾತ ಮಾಡಿದರು. ಹೊಟ್ಟೆಯ ಬಿಲ್ಲೆ ತಿರುಗಿಸಿದೊಡನೆ ರಬ್ಬರಿನ ಗುಂಡೊಂದು ಅಂಗೈಗೆ ಬಿತ್ತು. ಒಳಗೆ ಎರಡು ಪುಟ್ಟ ಉರುಳೆಗಳು. ಅವುಗಳಿಗೆ ಸುತ್ತಿಕೊಂಡ ಕೊಳೆ. ಉಗುರಿನಿಂದ ಕೆರೆದು, ಗುಂಡನ್ನು ಪಂಚೆಗೆ ಒರೆಸಿ ಹಾಕಿಕೊಟ್ಟರು. ಮೌಸು ನೀರಿಗೆ ಬಿಟ್ಟ ಮೀನಿನ ಹಾಗೆ ಓಡಿತು.

“ಎಂತ ಮಾರಾಯ್ರೆ ನೀವು!” ಎಂದ ಸಂಗಮೇಶ್. “ಶಿವಮೊಗ್ಗದವ್ರು ಹೊಸದೇ ತಗೊಳ್ಳಿ ಅಂದಿದ್ರು.”

“ಯಂತ್ರ ಅಂದಮೇಲೆ ಯಂತ್ರಾನೇ ಕಣಪ್ಪ. ಹೆಸರು ಬ್ಯಾರೆ,” ಎಂದರು ಪರಮಶಿವಪ್ಪನವರು. ಕಚೇರಿಗಳ ಟೈಪ್‌ರೈಟರುಗಳು ಒಂದೊಂದಾಗಿ ಮೂಲೆ ಸೇರುತ್ತಿದ್ದ ದಿನಗಳವು. ಆ ಸಂಜೆ ಅವರು ಹೆಂಡತಿ ಜಗದಾಂಬನಿಗೆ ಎರಡು ಸಲ ಹೇಳಿದರು: “ನನ್ನ ಕೈಗೆ ಇನ್ನೂ ಕೆಲಸ ಐತೆ.”

ಮುಂದಿನ ವರ್ಷ ಮಾರ್ಚಿ ತಿಂಗಳು. ಐದು ಶಾಲೆಗಳ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಸಂಗಮೇಶ್ ಒಪ್ಪಿಕೊಂಡಿದ್ದ. ಆ ಸಮಯದಲ್ಲಿ ಕೀಬೋರ್ಡಿನ ಕೆಲವು ಕೀಲಿಗಳು ಒತ್ತಿದರೆ ಮೇಲೇಳದೆ ಕಚ್ಚಿಕೊಳ್ಳತೊಡಗಿದವು. ಒಂದು ವರ್ಷದೊಳಗೆ ಎರಡು ಕೀಬೋರ್ಡು ಕೆಟ್ಟು, ಇದು ಮೂರನೆಯದು. “ನಿನ್ನ ಕೈಗೆ ಕಬ್ಬಿಣದ್ದೇ ಬೇಕೇನೋ. ಇದೂ ಹೋದ್ರೆ ನಾ ಬೇರೆಯವ್ರನ್ನ ನೋಡ್ಕೋಬೇಕಾಗ್ತದೆ,” ಎಂದು ಸಂಗಮೇಶ್ ನಗುತ್ತಲೇ ಹೇಳಿದ್ದರೂ ವಾಣಿಶ್ರೀಗೆ ಅದು ನಗುವಾಗಿ ಕೇಳಿಸಲಿಲ್ಲ. ಶನಿವಾರ ಮಧ್ಯಾಹ್ನ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿಕಾರಿಪುರಕ್ಕೆ ಬಂದಳು.

ಪರಮಶಿವಪ್ಪನವರು ಕೀಲಿಗಳ ಟೋಪಿಗಳನ್ನೆಲ್ಲ ಕಿತ್ತು, ಧೂಳು ಊದಿ, ಬ್ರಷ್ಷಿನಿಂದ ಉಜ್ಜಿದರು. ಕೆಲಸ ಅಲ್ಲಿಗೇ ಮುಗಿದಿತ್ತು. ಆದರೆ ಅವರ ಕೈ ಎಣ್ಣೆಡಬ್ಬಿಗೆ ಹೋಯಿತು.

“ಇದಕ್ಕೂ ಎಣ್ಣೆ ಬೇಕೇನ್ರಿ ದೊಡ್ಡಪ್ಪ?”

“ಎಣ್ಣೆ ಬೇಡದ ಯಂತ್ರ ಯಾವುದೈತವ್ವಾ?”

ನೂರೊಂದು ಕೀಲಿಗಳು, ನೂರೊಂದು ತೊಟ್ಟು. ಒಂದಕ್ಕೂ ಮೋಸ ಮಾಡಲಿಲ್ಲ.

ಸೋಮವಾರ ಕೀಲಿಗಳು ಬೆಣ್ಣೆಯಂತೆ ಇಳಿದವು. ಬುಧವಾರ ಒಂದೆರಡು ಅಕ್ಷರ ತಪ್ಪಿದವು. ಗುರುವಾರ ಬೆಳಿಗ್ಗೆ ಅರ್ಧ ಕೀಬೋರ್ಡು ಮೂಕವಾಯಿತು. ಬೇರೆಯದು ಶಿವಮೊಗ್ಗದಿಂದಲೇ ಬರಬೇಕು; ಪರೀಕ್ಷೆ ಸೋಮವಾರ. ಮುಖ್ಯೋಪಾಧ್ಯಾಯರುಗಳು ತಮ್ಮ ಹಸ್ತಪ್ರತಿಗಳನ್ನು ಎತ್ತಿಕೊಂಡು ಸಾಗರಕ್ಕೆ ಹೋದರು. ಸಂಗಮೇಶ್ ಬೈಯಲಿಲ್ಲ. ಕೆಟ್ಟ ಕೀಬೋರ್ಡನ್ನು ವಾಣಿಶ್ರೀಯ ಕೈಗೆ ಕೊಟ್ಟು, “ನಾಳೆಯಿಂದ ಬರೋದು ಬೇಡ ತಂಗಿ,” ಎಂದಷ್ಟೇ ಹೇಳಿದ.

ಆ ಗುರುವಾರ ಪರಮಶಿವಪ್ಪನವರು ಜ್ವರವೆಂದು ಸೊರಬಕ್ಕೆ ಹೋಗಿರಲಿಲ್ಲ. ಭಾನುವಾರ ಚೌಡಪ್ಪನೇ ಕೀಬೋರ್ಡು ಹಿಡಿದು ಮನೆಗೆ ಬಂದಾಗ ಸುದ್ದಿ ತಿಳಿಯಿತು.

“ಇದಕ್ಕೇನಾದ್ರೂ ಜೀವ ಐತೇನ್ ನೋಡ್ರಿ. ಸರಿ ಮಾಡ್ಕೊಟ್ರೆ ಒಂದು ಮಾತು ಕೇಳಿ ನೋಡ್ತೀನಿ. ಅನ್ನ ಬಿಟ್ಟು ಕುಂತೈತೆ ಹುಡುಗಿ.”

ಪರಮಶಿವಪ್ಪನವರು ಹಿಂಬದಿಯ ತಿರುಪುಗಳನ್ನು ಬಿಚ್ಚಿ ತಳವನ್ನೇ ತೆಗೆದರು. ಒಳಗೆ ಅವರು ಊಹಿಸಿದ್ದ ಸರಳು, ಸನ್ನೆಗೋಲು, ಸ್ಪ್ರಿಂಗು ಒಂದೂ ಇರಲಿಲ್ಲ. ರಬ್ಬರಿನ ಸಣ್ಣ ಬಟ್ಟಲುಗಳು. ಅವುಗಳ ಕೆಳಗೆ ಒಂದರ ಮೇಲೊಂದು ಹಾಸಿದ ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನ ಹಾಳೆ ಕೆಳಗಿನದನ್ನು ಮುಟ್ಟಿದರೆ ಅಕ್ಷರ ಮೂಡಬೇಕು. ಎರಡು ಹಾಳೆಗಳ ನಡುವೆ ಎಣ್ಣೆ ಹರಡಿತ್ತು. ರಬ್ಬರು ಎಣ್ಣೆ ಕುಡಿದು ಊದಿಕೊಂಡಿತ್ತು. ಮೂಗಿನ ಹತ್ತಿರ ಹಿಡಿಯುವ ಅಗತ್ಯವಿರಲಿಲ್ಲ. ಅದು ಅವರದೇ ವಾಸನೆ.

“ಏನ್ರಿ?” ಎಂದ ಚೌಡಪ್ಪ.

“ಆಯಸ್ಸು ಮುಗಿದೈತೆ ಚೌಡಪ್ಪ,” ಎಂದುಬಿಟ್ಟರು.

“ಬಿಡ್ರಿ ಹಂಗಾರೆ. ಅವಳ ಕೈಯೇ ಭಾರ. ಇನ್ನು ಗಂಡು ನೋಡೋದೇ ಸೈ.”

ಚೌಡಪ್ಪ ಓಣಿಯ ತಿರುವು ದಾಟುವವರೆಗೆ ಪರಮಶಿವಪ್ಪನವರು ಬಾಗಿಲಲ್ಲಿ ನಿಂತಿದ್ದರು. ಕೂಗಿ ಕರೆದರೆ ಕೇಳಿಸುವಷ್ಟೇ ದೂರ. ಕರೆಯಲಿಲ್ಲ.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಜಗದಾಂಬ ಕೇಳಿದಳು: “ಎಣ್ಣೆ ಬಿಟ್ಟೋರು ನೀವಲ್ಲೇನ್ರಿ? ಹೇಳ್ಬೇಕಿತ್ತು.”

“ಹೇಳ್ತೀನಿ ಕಣೇ. ಬರಿಗೈಲಿ ಹೋಗಿ ಹೆಂಗೆ ಹೇಳ್ಲಿ? ಅವಳ ಕೈಗೆ ತಡೆಯೋ ಅಂಥದ್ದು ಒಂದು ತಂದು, ಸಂಗಮೇಶನ ಮುಂದೆ ಇಟ್ಟು, ಆಮೇಲೆ ಹೇಳ್ತೀನಿ.”

ಮೂವತ್ತು ವರ್ಷ ಎರಡು ತಾಲ್ಲೂಕುಗಳಲ್ಲಿ ತಪ್ಪೆನಿಸಿಕೊಳ್ಳದ ಕೈ ಅದು. ಆ ಹೆಸರೊಂದನ್ನು ಬಿಟ್ಟರೆ ಅವರಲ್ಲಿ ಉಳಿದದ್ದು ಖಾಕಿ ಚೀಲ ಮಾತ್ರ. ಹೇಳುವುದನ್ನು ಮುಂದಕ್ಕೆ ಹಾಕಿದ್ದು ಅದಕ್ಕೇ ಎಂಬುದು ಜಗದಾಂಬನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಯುಗಾದಿ ಕಳೆಯಿತು. ಮುಂಗಾರು ಹಿಡಿಯುವ ಹೊತ್ತಿಗೆ ಭದ್ರಾವತಿಯ ಗುಜರಿ ವ್ಯಾಪಾರಿ ಕೆಂಪಪ್ಪನಲ್ಲಿ ಒಂದು ಹಳೆಯ ಕೀಲಿಮಣೆ ಸಿಕ್ಕಿತು. ಯಾವುದೋ ಕಾರ್ಖಾನೆ ಎಂದೋ ಹೊರಗೆ ಹಾಕಿದ ಯಂತ್ರದ ಭಾಗ. ಎತ್ತಿದರೆ ರುಬ್ಬುಗುಂಡಿನ ಭಾರ.

“ಹದಿನೈದು ವರ್ಷ ಹಗಲೂ ರಾತ್ರಿ ಬಡಿಸ್ಕೊಂಡೈತಂತೆ. ಒಂದು ಕೀಲಿನೂ ಹೋಗಿಲ್ಲ,” ಎಂದ ಕೆಂಪಪ್ಪ. “ತಗೊಂಡ್ಹೋಗಿ ಬಾಗ್ಲಿಗೆ ಅಡ್ಡ ಇಟ್ಕೊಳ್ರಿ, ಗಾಳಿಗೆ ಹಾಕ್ಕೊಳ್ಳಲ್ಲ.”

ಮನೆಗೆ ತಂದು ಒಂದು ಕೀಲಿಯನ್ನು ಬಿಡಿಸಿದಾಗ, ಮೇಜಿನ ಮೇಲಿದ್ದ ಜಗದಾಂಬನ ಹೊಲಿಗೆಯ ಸೂಜಿ ಚಂಗನೆ ಹಾರಿ ಅದಕ್ಕೆ ಅಂಟಿಕೊಂಡಿತು. ಪರಮಶಿವಪ್ಪನವರು ಸೂಜಿಯನ್ನು ಬಿಡಿಸಿದರು. ಅದು ಮತ್ತೆ ಅಂಟಿತು. ಕೀಲಿಯ ಕಾಲಿನಲ್ಲಿ ಕಡಲೆಕಾಳಿಗಿಂತಲೂ ಚಿಕ್ಕದೊಂದು ಅಯಸ್ಕಾಂತ. ಅದರ ಕೆಳಗೆ, ತಗಲದಷ್ಟು ದೂರದಲ್ಲಿ, ಕರಿಯ ಚುಕ್ಕೆಯಂಥ ಒಂದು ಬಿಲ್ಲೆ. ಕೀಲಿ ಇಳಿದಾಗ ಅಯಸ್ಕಾಂತ ಹತ್ತಿರ ಬಂದದ್ದನ್ನು ಬಿಲ್ಲೆ ತಾನೇ ತಿಳಿದುಕೊಳ್ಳುತ್ತದೆ. ಒಂದನ್ನೊಂದು ಮುಟ್ಟುವುದೇ ಇಲ್ಲ.

“ಮುಟ್ಟದೆ ಇದ್ರೆ ಸವೆಯೋದು ಹೆಂಗೆ? ಮಧ್ಯೆ ಕೊಳೆ ಕೂತ್ರೂ ಅದಕ್ಕೆ ಗೊತ್ತಾಗ್ತೈತೆ ನೋಡೇ!” ಎಂದು ಹೆಂಡತಿಯನ್ನು ಕೂಗಿ ಕರೆದರು. ಬಹಳ ದಿನಗಳ ಮೇಲೆ ಅವರ ದನಿ ಏರಿತ್ತು. “ವಾಣಿ ಗುದ್ದಲಿ ತಗೊಂಡು ಹೊಡೆದ್ರೂ ಇದು ಜಪ್ಪಯ್ಯ ಅನ್ನಲ್ಲ.”

ಆದರೆ ಹಿಂಬದಿಯ ತಂತಿಹುರಿ ಬೇರೆ ಬಗೆಯದಾಗಿತ್ತು. ಸಂಗಮೇಶನ ಕಂಪ್ಯೂಟರಿಗೆ ಐದು ಕಡ್ಡಿಗಳ ದುಂಡು ಪ್ಲಗ್ಗು. ಇದಕ್ಕೆ ಬಾಚಣಿಗೆಯಂಥ ಅಗಲವಾದ ಹಲ್ಲುಸಾಲು. ತಂತಿ ಕತ್ತರಿಸಿ ಕೂಡಿಸಿದರಾಯಿತೆಂದು ಅವರು ಭಾವಿಸಿದ್ದರು. ಶಿವಮೊಗ್ಗಕ್ಕೆ ಮೂರು ಸಲ ಹೊತ್ತುಕೊಂಡು ಹೋದರು. ಮೂರನೆಯ ಸಲ ಅಲ್ಲಿಯ ಎಂಜಿನಿಯರು ಕುರ್ಚಿ ಕೊಟ್ಟು ಕೂರಿಸಿ ಹೇಳಿದ: “ಯಜಮಾನ್ರೆ, ಇದರಲ್ಲಿ ಕೆಟ್ಟಿರೋದು ಏನೂ ಇಲ್ಲ. ಆದ್ರೆ ಇದು ಹೇಳೋದು ಈಗಿನ ಕಂಪ್ಯೂಟರಿಗೆ ತಿಳಿಯೋದಿಲ್ಲ. ತಂತಿ ಜೋಡಿಸಿದ್ರೆ ಆಗೋ ಕೆಲಸ ಅಲ್ಲ. ಇಷ್ಟು ಒಳ್ಳೇದನ್ನ ಈಗ ಯಾರೂ ಮಾಡೋದೂ ಇಲ್ಲ, ಕೇಳೋದೂ ಇಲ್ಲ.”

ದೀಪಾವಳಿ ಕಳೆದ ಮೇಲೆ ಚೌಡಪ್ಪ ಮಗಳ ಲಗ್ನಪತ್ರಿಕೆ ತಂದುಕೊಟ್ಟ. ಹಾನಗಲ್ಲಿನ ಆಚೆಯ ಹಳ್ಳಿ, ಜಮೀನಿರುವ ಮನೆ. ಪತ್ರಿಕೆ ಸಂಗಮೇಶನ ಅಂಗಡಿಯಲ್ಲೇ ಆಗಿತ್ತು. ವಾಣಿಶ್ರೀಯ ಹೆಸರನ್ನು ಬೇರೆ ಯಾರದೋ ಬೆರಳುಗಳು ಮೂಡಿಸಿದ್ದವು. ಮರುದಿನ ಗುರುವಾರ. ಪರಮಶಿವಪ್ಪನವರು ಕೀಲಿಮಣೆಯನ್ನು ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದರು.

ಎಣ್ಣೆ ಬಿಟ್ಟ ಸಂಗತಿಯನ್ನೆಲ್ಲ ಸಂಗಮೇಶ್ ಕೇಳಿಸಿಕೊಂಡ. “ಇದನ್ನ ಆವಾಗ್ಲೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಪರಮಶಿವಪ್ಪನೋರೆ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಅವಳ ಕೈ ಅಂದ್ಕೊಂಡೆ. ಗೊತ್ತಿದ್ರೆ ಬಿಡಿಸ್ತಿರ್ಲಿಲ್ಲ. ಅಂಥ ಬೆರಳು ಇನ್ನೆಲ್ಲಿ ಸಿಗ್ತದೆ?” ಒಳಗೆ ಬೇರೊಬ್ಬ ಹುಡುಗಿ ಎರಡೇ ಬೆರಳುಗಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದಳು.

ಹಿಂದಿರುಗುವಾಗ ಅವರು ತಾಳಗುಂದಕ್ಕೆ ಹೋದರು. ಅಂಗಳದಲ್ಲಿ ಚಪ್ಪರಕ್ಕೆಂದು ತಂದ ಬಿದಿರ ಗಳಗಳು ಬಿದ್ದಿದ್ದವು. ವಾಣಿಶ್ರೀ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅವರು ಕುಳಿತುಕೊಳ್ಳಲಿಲ್ಲ, ನೀರು ಮುಟ್ಟಲಿಲ್ಲ.

“ವಾಣಿ, ಆ ಕೀಬೋರ್ಡು ಹಾಳಾಗಿದ್ದು ನಿನ್ನ ಕೈಯಿಂದ ಅಲ್ಲವ್ವಾ. ನನ್ನ ಎಣ್ಣೆಯಿಂದ.”

ಅವಳು ಮೊರ ಕೆಳಗಿಟ್ಟಳು. “ಗೊತ್ತು ದೊಡ್ಡಪ್ಪ. ಆವತ್ತು ಬೆಳಿಗ್ಗೆ ಬೆರಳೆಲ್ಲ ನಿಮ್ಮ ಚೀಲದ ವಾಸನೆ ಬಂತು. ಆವಾಗ್ಲೇ ಗೊತ್ತಾತು.”

“ಮತ್ತೆ ಸಂಗಮೇಶನಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಅವರು ಆಫೀಸಿಗೆಲ್ಲ ಹೇಳ್ತಿದ್ರು. ಆಮೇಲೆ ನಿಮ್ಮನ್ನ ಯಾರು ಕರೀತಿದ್ರು?” ಎಂದಳು. ಅಕ್ಕಿಯ ಕಡೆ ನೋಡುತ್ತ, “ನೀವೇ ಹೇಳ್ತೀರಿ ಅಂತ ಅಂದ್ಕೊಂಡೆ. ಯುಗಾದಿ ತನಕ ಕಾದೆ. ಆಮೇಲೆ ಬಿಟ್ಟೆ.”

ಪರಮಶಿವಪ್ಪನವರು ಚೀಲದಿಂದ ಕೀಲಿಮಣೆ ತೆಗೆದು ಅವಳ ಮುಂದೆ ಇಟ್ಟರು. ಅಯಸ್ಕಾಂತದ ಸಂಗತಿ, ಶಿವಮೊಗ್ಗದ ಎಂಜಿನಿಯರ ಮಾತು, ಎಲ್ಲವನ್ನೂ ತಪ್ಪೊಪ್ಪಿಕೊಳ್ಳುವವರ ದನಿಯಲ್ಲೇ ಹೇಳಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬೆರಳುಗಳನ್ನು ಇಟ್ಟಳು. ಹುರಿ ಎಲ್ಲಿಗೂ ಸೇರಿರಲಿಲ್ಲ. ಅಕ್ಷರ ಎಲ್ಲೂ ಮೂಡಲಿಲ್ಲ. ಆದರೂ ಟೈಪಿಂಗ್ ಶಾಲೆಯ ಮೊದಲ ಪಾಠವನ್ನು ಅವಳು ಆದಿಯಿಂದ ಅಂತ್ಯದವರೆಗೆ ಬಡಿದಳು. ಪರಮಶಿವಪ್ಪನವರು ಗಳಗಳ ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿ ಕೇಳಿದರು. ಶಬ್ದ ಒಂದೇ ಸಮನಾಗಿತ್ತು. ಕಿರುಬೆರಳೂ ಒಂದಿಷ್ಟೂ ಸೋತಿರಲಿಲ್ಲ.

“ಚೆನ್ನಾಗೈತೆ ದೊಡ್ಡಪ್ಪ. ನಿಮ್ಮ ಮನೇಲೇ ಇರ್ಲಿ. ಬಂದಾಗ ಕೈ ಆಡಿಸ್ತೀನಿ,” ಎಂದಳು.

ಅವಳಿಗೆ ಬರಲಾಗಲಿಲ್ಲ. ಮೊದಲು ಬಸಿರು, ಬಾಣಂತನವೆಂದರು, ಆಮೇಲೆ ಅತ್ತೆಗೆ ಮೈ ಹುಷಾರಿಲ್ಲವೆಂದರು. ಪರಮಶಿವಪ್ಪನವರು ಆ ಕೀಲಿಮಣೆಯನ್ನು ಮುಂದಿನ ಕೋಣೆಯ ಮೇಜಿನ ಮೇಲಿಟ್ಟು, ಟೈಪ್‌ರೈಟರಿಗೆ ಹೊಲಿಸಿದ್ದ ಹೊದಿಕೆ ಹಾಕಿದ್ದರು. ಶುಕ್ರವಾರ ಬಂತೆಂದರೆ ಎಣ್ಣೆಡಬ್ಬಿಯನ್ನು ಒಳಗಿನ ಕೋಣೆಯಲ್ಲಿಟ್ಟು, ಕೈಯನ್ನು ಸೀಗೆಪುಡಿಯಿಂದ ತೊಳೆದುಕೊಂಡು ಬಂದು, ಒಣಬಟ್ಟೆಯಿಂದ ಒಂದೊಂದೇ ಕೀಲಿಯನ್ನು ಒರೆಸುತ್ತಿದ್ದರು.

ತೊಂಬತ್ತೊಂಬತ್ತರ ಮಾಘದಲ್ಲಿ ಅವರು ತೀರಿಕೊಂಡರು. ಸುದ್ದಿ ತಡವಾಗಿ ಮುಟ್ಟಿ, ವಾಣಿಶ್ರೀ ಮಗುವನ್ನೆತ್ತಿಕೊಂಡು ಬಂದದ್ದು ಹನ್ನೊಂದು ದಿನ ಕಳೆದ ಮೇಲೆ, ಒಂದು ಶುಕ್ರವಾರ. ಜಗದಾಂಬ ಆಗಷ್ಟೇ ಕೀಲಿಗಳನ್ನು ಒರೆಸಿ ಮುಗಿಸಿದ್ದಳು. ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದುಕೊಟ್ಟು, ಮಗುವನ್ನು ತನ್ನ ತೋಳಿಗೆ ತೆಗೆದುಕೊಂಡಳು.