ಬೀದರ್‌ನಿಂದ ಅರ್ಧ ತಾಸು

"ಮಾಮಾ, ಮುಹೂರ್ತ ಬಂತು. ಎಲ್ಲಿದ್ದೀರಿ?" ಕಲಬುರಗಿ ಜಿಲ್ಲೆಯ ಇಜೇರಿಯ ಮದುವೆ ಚಪ್ಪರದಿಂದ ಸೋದರಮಾವನಿಗೆ ಫೋನಿನಲ್ಲಿ ಕೂಗಿದೆ. ನನ್ನ ತಂಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಅವರೇ.

"ಬೀದರ್ ವಿಮಾನ ನಿಲ್ದಾಣದಾಗ ಅದೀನಿ. ಕಲಬುರಗಿಗೆ ವಿಮಾನದಾಗ ಬರೇ ಅರ್ಧ ತಾಸು ಅಂತ ಫೋನ್ ತೋರಸಾಕತ್ತದಲೇ!"

"ವಿಮಾನ ಎಷ್ಟಕ್ಕದ?"

"ಇಲ್ಲಿಂದ ಅಲ್ಲಿಗಿ ವಿಮಾನನೇ ಇಲ್ಲಂತ."

ದೂರ ಗೊತ್ತು, ಸಮಯ ಗೊತ್ತು, ವಿಮಾನ ಒಂದಿಲ್ಲ. ಎಂಥ ಸೌಕರ್ಯ! ತಂಗಿ ಬಾಗಿಲು ನೋಡುತ್ತಾ ಅತ್ತಳು. ಕೊನೆಗೆ ನಾನೇ ಅವಳ ಕೈಹಿಡಿದು ಕರೆತಂದೆ.

ಸಂಜೆ ಬಸ್ಸಿಳಿದು ಬಂದ ಮಾವ, ತಂದಿದ್ದ ಸೀರೆಯನ್ನು ತಂಗಿಗೆ ಕೊಟ್ಟು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಮುಂದೆ ಫೋನ್ ಹಿಡಿದು, "ನೋಡಲೇ, ಈಗೂ ಅರ್ಧ ತಾಸೇ ತೋರಸ್ತದ" ಎಂದರು.