ಸೆರಗಿನಡಿಯ ಬೆಲ್ಟು

ಬೆಳಗಿನ ಕಾಫಿಯ ಹೊತ್ತಿಗೆ ಯಾರೋ ಅಪರಿಚಿತರು ನಿಮ್ಮದೇ ಫೋಟೊ ತೆಗೆದು ನಿಮಗೇ ಕಳಿಸಿದರೆ ಹೇಗಾಗಬೇಡ? ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೆ ಹಾಗಾಯಿತು. ಮೊಬೈಲಿಗೊಂದು ಮೆಸೇಜು, ಅದರೊಳಗೊಂದು ಲಿಂಕು, ಒತ್ತಿದರೆ ನಾನು. ಕಾರಿನ ಮುಂಗಾಜಿನ ಹಿಂದೆ, ಸಾಸಿವೆ ಬಣ್ಣದ ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಬಾಯಿ ಅರ್ಧ ತೆರೆದು, ಐಸಿನ ಮೇಲೆ ಮಲಗಿಸಿದ ಪಾಂಫ್ರೆಟ್ ಮೀನಿನಂತೆ ಕಾಣುತ್ತಿದ್ದೆ. ಕೆಳಗೆ ಬರೆದಿತ್ತು: ಸ್ಥಳ, ಸಾರಕ್ಕಿ ಸಿಗ್ನಲ್, ಅಪರಾಧ, ಸೀಟ್ ಬೆಲ್ಟ್ ಇಲ್ಲದೆ ಚಾಲನೆ, ವಾಹನ, ಮಹಾರಾಷ್ಟ್ರ ನೋಂದಣಿ.

ಛೀ, ಎಂದೆ. ಜೋರಾಗಿಯೇ ಎಂದೆ. ಕೇಳುವವರು ಯಾರೂ ಇರಲಿಲ್ಲ.

ಬೊಂಬಾಯಿಯ ಮಾಟುಂಗದ ನನ್ನ ಗೆಳೆಯ ಗೆಳತಿಯರೇ, ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತೇವೆಂದು ಬಿಲ್ಡರ್ ನಮ್ಮೆಲ್ಲರನ್ನೂ ಹೊರಗೆ ಕಳಿಸಿದಾಗ ನೀವು ಸಯನ್, ಮುಲುಂಡ್ ಎಂದು ಹಂಚಿಹೋದಿರಿ. ನಾನು ಮಾತ್ರ ಕಾರು ಓಡಿಸಿಕೊಂಡು ಎರಡು ದಿನ ಹಾದಿ ಸವೆಸಿ ಬೆಂಗಳೂರಿಗೆ ಬಂದೆ. ಅಮ್ಮನ ತವರು ಜಯನಗರ; ರಜೆಯಲ್ಲಿ ಬಂದಾಗ ಸಂಪಿಗೆ ಮರದ ಕೆಳಗೆ ಹಾಸಿಗೆ ಹಾಸಿಕೊಂಡು ಓದುತ್ತಿದ್ದ ನೆನಪು. ಮನೆಗೆ ಮರಳುತ್ತಿದ್ದೇನೆ ಎಂದುಕೊಂಡಿದ್ದೆ, ಹುಚ್ಚಿ. ಜಯನಗರದ ಬಾಡಿಗೆ ಕೇಳಿ ಜೆ.ಪಿ. ನಗರಕ್ಕೆ ಬಂದೆ. ಸಂಪಿಗೆ ಮರ ಇದ್ದ ಕಡೆ ಈಗ ಮೂರು ಮಹಡಿಯ ಚಪ್ಪಲಿ ಅಂಗಡಿ.

ಬೊಂಬಾಯಿಯಲ್ಲಿ ಐವತ್ತು ವರ್ಷ ನನ್ನನ್ನು ಮದ್ರಾಸಿ ಎಂದರು. ಇಲ್ಲಿ ಬಾಂಬೆ ಆಂಟಿ ಎನ್ನುತ್ತಾರೆ. ನನ್ನ ಕನ್ನಡ ಅಮ್ಮನಿಂದ ಮತ್ತು ಪುಸ್ತಕಗಳಿಂದ ಬಂದದ್ದು. ತರಕಾರಿಯವಳಿಗೆ 'ನಾಳೆ ಬರುತ್ತೇನೆ' ಎಂದರೆ ಅವಳು ಸೆರಗು ಬಾಯಿಗಿಟ್ಟು ನಗುತ್ತಾಳೆ. 'ಬರ್ತೀನಿ' ಎನ್ನಬೇಕಂತೆ. ಅದನ್ನು ಕಲಿಯಲು ಎರಡು ತಿಂಗಳಾಯಿತು. ಸಾಂಬಾರಿನಲ್ಲಿ ಬೆಲ್ಲ ಇರುವುದು ತಪ್ಪಲ್ಲ ಎಂದು ಒಪ್ಪಿಕೊಳ್ಳಲು ಇನ್ನೂ ಒಂದು.

ಒಪ್ಪಿಕೊಳ್ಳಲಾಗದ್ದು ರಸ್ತೆ. ನಮ್ಮಲ್ಲಿ ಸ್ಪೀಡ್ ಬ್ರೇಕರ್ ಎನ್ನುವುದಕ್ಕೆ ಇಲ್ಲಿ ಹಂಪ್ ಎನ್ನುತ್ತಾರೆ. ದೂರವನ್ನೂ ಅದರಲ್ಲೇ ಅಳೆಯುತ್ತಾರೆ. ನಮ್ಮ ಮನೆಯಿಂದ ಸಾರಕ್ಕಿ ಮಾರ್ಕೆಟ್ಟಿಗೆ ಎರಡು ಹಂಪು, ಒಂದು ಸಿಗ್ನಲ್ಲು. ಅಷ್ಟರೊಳಗೆ ಕಾಣುವುದೆಲ್ಲ ಅಸಹ್ಯ. ಎದುರು ದಿಕ್ಕಿನಿಂದ ಬರುವ ಸ್ಕೂಟರು, ಫುಟ್‌ಪಾತಿನ ಮೇಲೆ ಏರಿದ ಬೈಕು, ಚಲಿಸುವ ಕಾರಿನ ಬಾಗಿಲು ತೆರೆದು ಉಗಿಯುವ ಟೈ ಕಟ್ಟಿದ ಮನುಷ್ಯ. ಯಾರನ್ನು ಕೇಳಿದರೂ ಎರಡೇ ಪದದ ಉತ್ತರ: 'ಇಲ್ಲೇ ತಾನೆ.' ಹತ್ತಿರ ಹೋಗುವವರಿಗೆ ಕಾನೂನು ಅನ್ವಯಿಸುವುದಿಲ್ಲ ಎಂಬುದು ಇದರ ಅರ್ಥ. ಹೆಲ್ಮೆಟ್ ಯಾಕಿಲ್ಲ? ಇಲ್ಲೇ ತಾನೆ. ರಾಂಗ್ ಸೈಡ್ ಯಾಕೆ? ಇಲ್ಲೇ ತಾನೆ.

ಈ ಪಂಥದ ಹಿರಿಯರೆಂದರೆ ನನ್ನ ಮನೆ ಮಾಲೀಕರು, ನಂಜಪ್ಪನವರು. ಸಾರಕ್ಕಿ ಹಳ್ಳಿಯಾಗಿದ್ದಾಗ ರಾಗಿ ಬೆಳೆದವರು. ಈಗ ಆ ಹೊಲದ ಮೇಲೆ ನಾಲ್ಕು ಮನೆ ಕಟ್ಟಿಸಿ ಕೆಳಗಿನದನ್ನು ನನಗೆ ಕೊಟ್ಟಿದ್ದಾರೆ. ಒನ್‌ವೇಯಲ್ಲಿ ತಿರುಗುಮುರುಗಾಗಿ ಸ್ಕೂಟರ್ ಓಡಿಸುತ್ತ ಬಂದ ಅವರನ್ನು ಒಮ್ಮೆ ತಡೆದು ಕೇಳಿದ್ದೆ, ನಿಮಗೆ ನಾಚಿಕೆಯಾಗುವುದಿಲ್ಲವೆ ಎಂದು.

"ಅಮ್ಮಾ, ಇದು ನಮ್ ಹೊಲ," ಎಂದರು, ಕಾಲೂರಿ ನಿಂತು. "ಇಲ್ಲಿ ನಮ್ಮಪ್ಪ ಎತ್ತು ಹೊಡ್ದವ್ನೆ. ಎತ್ತಿಗೆ ಒನ್‌ವೇ ಇತ್ತಾ?"

ಕಾನ್ವೆಂಟಿನಲ್ಲಿ ಕಲಿತವಳು ನಾನು; ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಹೀಗಿರುವಾಗ ಚಲನ್ ಬಂದದ್ದು ಯಾರಿಗೆ? ನನಗೆ! ಇಪ್ಪತ್ತೈದನೆಯ ವಯಸ್ಸಿನಲ್ಲಿ ಶಿವಾಜಿ ಪಾರ್ಕಿನ ಸುತ್ತ ಡ್ರೈವಿಂಗ್ ಕಲಿತವಳು ನಾನು. ಫೋರ್ಟಿನ ಆಫೀಸಿನಲ್ಲಿ ಸ್ವಂತ ಕಾರಿನಲ್ಲಿ ಬರುತ್ತಿದ್ದ ಒಬ್ಬಳೇ ಸೆಕ್ರೆಟರಿ. ಬಾಸ್ ಕೂಡ ಟ್ಯಾಕ್ಸಿಯಲ್ಲಿ ಬರುತ್ತಿದ್ದ. ಮದುವೆ, ಮಕ್ಕಳು, ಮನೆ, ಇವುಗಳಲ್ಲಿ ಯಾವುದನ್ನೂ ನಾನು ಸರಿಯಾಗಿ ಮಾಡಿದವಳಲ್ಲ. ಡ್ರೈವಿಂಗ್ ಮಾಡಿದೆ. ನಲವತ್ತಾರು ವರ್ಷದಲ್ಲಿ ಒಂದು ಚಲನ್ ಇಲ್ಲ. ಹೆಮ್ಮೆಪಡಲು ನನ್ನ ಹತ್ತಿರ ಇರುವುದು ಅದೊಂದೇ; ಕಳೆದುಕೊಳ್ಳಲು ಸಿದ್ಧಳಿರಲಿಲ್ಲ.

ಮತ್ತು ಕಾರಣವೂ ನನಗೆ ತಕ್ಷಣ ಹೊಳೆಯಿತು. ನಾನು ಉಡುವುದು ಗಂಜಿ ಹಾಕಿದ ಕಾಟನ್ ಸೀರೆ. ಬೆಲ್ಟ್ ಮೇಲೆ ಬಂದರೆ ನೆರಿಗೆಯೆಲ್ಲ ಮುದುಡುತ್ತದೆ. ಆದ್ದರಿಂದ ಮೊದಲು ಬೆಲ್ಟ್ ಬಿಗಿದು, ಆಮೇಲೆ ಸೆರಗನ್ನು ಸುತ್ತಿ ತಂದು ಎರಡೂ ಭುಜ ಹೊದೆಯುತ್ತೇನೆ. ನನ್ನ ವಯಸ್ಸಿನ ಹಲವರು ಹೀಗೇ ಮಾಡುತ್ತಾರೆ, ನೀವೂ ಮಾಡುತ್ತೀರಿ. ಬೆಲ್ಟ್ ಸೆರಗಿನಡಿ ಇತ್ತು. ಕ್ಯಾಮೆರಾಕ್ಕೆ ಕಂಡದ್ದು ಸೆರಗು. ಹೆಂಗಸು ಸೀರೆ ಉಡುತ್ತಾಳೆ ಎಂಬ ಸಾಮಾನ್ಯ ಜ್ಞಾನ ಇಲ್ಲದ ಯಂತ್ರ! ಡಿಸ್ಗಸ್ಟಿಂಗ್.

ಗೇಟಿನಲ್ಲಿ ನಿಂತು ಇದನ್ನೆಲ್ಲ ನಂಜಪ್ಪನವರಿಗೆ ಹೇಳಿದೆ. ಎದುರುಮನೆಯವರಿಗೆ, ಹಾಲಿನವನಿಗೆ, ಇಸ್ತ್ರಿಯವಳಿಗೂ ಹೇಳಿದೆ. ನಂಜಪ್ಪನವರು ಮೊಬೈಲ್ ದೂರ ಹಿಡಿದು ಫೋಟೊ ನೋಡಿದರು.

"ಕಟ್ಬೇಡಿ," ಎಂದರು.

"ಅದನ್ನೇ ಹೇಳಿದ್ದು ನಾನೂ. ತಪ್ಪು ಮಾಡಿಲ್ಲ."

"ಅಯ್ಯೋ ಅದಕ್ಕಲ್ಲ ಅಮ್ಮಾ. ಆಗಾಗ ಅರ್ಧ ರೇಟಿಗೆ ಬಿಡ್ತಾರೆ. ನಂದೊಂದು ಹನ್ನೆರಡು ಅವೆ, ಎಲ್ಲಾ ಮಡಗ್ಕೊಂಡಿವ್ನಿ. ಒಟ್ಟಿಗೇ ಕಟ್ಟುವ, ಬನ್ನಿ."

ಇಲ್ಲಿ ಬಾಕಿ ದಂಡಕ್ಕೆ ಸರಕಾರ ಒಮ್ಮೊಮ್ಮೆ ರಿಯಾಯಿತಿ ಕೊಡುತ್ತದೆ. ಜನ ಆಷಾಢದ ಸೀರೆ ಸೇಲಿಗೆ ಕಾದಂತೆ ಕಾಯುತ್ತಾರೆ. ನನ್ನ ಮರ್ಯಾದೆಯನ್ನು ಅವರ ಹನ್ನೆರಡರ ಜೊತೆ ಹದಿಮೂರನೆಯದಾಗಿ ಕಟ್ಟಿ ಅರ್ಧ ಬೆಲೆಗೆ ಬಿಡಿಸಿಕೊಳ್ಳಬೇಕಂತೆ. ಮೈಯೆಲ್ಲ ಉರಿಯಿತು. ಕಾರಿಗೆ ಕರ್ನಾಟಕದ ನಂಬರು ಹಾಕಿಸುವ ಫಾರಂ ಆಗಲೇ ತಂದಿಟ್ಟಿದ್ದೆ, ಈ ದಂಡ ತೀರದೆ ಅದು ಮುಂದೆ ಹೋಗುವಂತಿರಲಿಲ್ಲ. ಈ ಊರಿನವಳಾಗಬೇಕಾದರೆ ಮೊದಲು ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಕೆ?

ಪೇಪರ್ ತೆಗೆದು 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿ ಕಾನ್ವೆಂಟಿನಲ್ಲಿ ಕಲಿಸಿದ ಕರ್ಸಿವ್ ಕೂಡಕ್ಷರದ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದೆ. ಸೋಮವಾರ ಅದೇ ಸಾಸಿವೆ ಸೀರೆ ಉಟ್ಟು, ಸಾಕ್ಷಿಗೆಂದು, ಟ್ರಾಫಿಕ್ ಪೊಲೀಸ್ ಸ್ಟೇಷನ್ನಿಗೆ ಹೋದೆ.

ಕಂಪ್ಯೂಟರಿನ ಮುಂದೆ ಕೂತಿದ್ದ ಮಹಿಳಾ ಪೇದೆ ಗಾಡಿಯ ನಂಬರು ನೋಡಿ, "ಹಾಂ ಆಂಟೀ, ಬೋಲಿಯೇ," ಎಂದಳು.

"ಕನ್ನಡದಲ್ಲೇ ಮಾತನಾಡೋಣ," ಎಂದೆ.

"ಓ, ಕನ್ನಡ ಬರತ್ತಾ! ಮಹಾರಾಷ್ಟ್ರ ಗಾಡಿ ಅಂತ..." ಎನ್ನುತ್ತ ನನ್ನ ಪತ್ರ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. "ಆಂಟಿ, ಇದು ಯಾವ ಫಾಂಟು?"

"ಅದು ನನ್ನ ಕೈಬರಹ."

"ಸಖತ್ತಾಗಿದೆ. ಮದುವೆ ಕಾರ್ಡ್ ಇದ್ದಂಗಿದೆ. ಆದ್ರೆ ಒಂದಕ್ಷರ ಓದಕ್ಕಾಗ್ತಿಲ್ಲ, ನೀವೇ ಹೇಳ್ಬಿಡಿ."

ಹೇಳಿದೆ. ಎದ್ದು ನಿಂತು ಸೆರಗು ಹೊದ್ದು ತೋರಿಸಿದೆ. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಬೈಕಿನವರು ಮೊಬೈಲ್ ಬಿಟ್ಟು ನನ್ನನ್ನು ನೋಡತೊಡಗಿದರು. ಪೇದೆ ನಗಲಿಲ್ಲ. ತಲೆಯಾಡಿಸುತ್ತ ಕೇಳಿದಳು.

"ನಮ್ಮತ್ತೇನೂ ಹಿಂಗೇ ಮಾಡ್ತಾರೆ. ಸೆರಗಿಂದ ಎಷ್ಟೋ ಕೇಸು ತಪ್ಪಾಗಿ ಬಿದ್ದಿರತ್ತೆ, ಕ್ಯಾನ್ಸಲ್ ಮಾಡ್ತೀವಿ. ತಡೀರಿ, ದೊಡ್ಡದು ಮಾಡಿ ನೋಡಣ."

ಆ ಕ್ಷಣ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಈ ಊರಿಗೆ ಬಂದ ಮೇಲೆ ಯಾರಾದರೂ ನನ್ನ ಮಾತನ್ನು ಪೂರ್ತಿ ಕೇಳಿದ್ದು ಅದೇ ಮೊದಲು.

ಫೋಟೊ ಪರದೆಯ ತುಂಬ ಹರಡಿಕೊಂಡಿತು. ನನ್ನ ಮೊಬೈಲಿನಲ್ಲಿ ಬೆರಳುಗುರಿನಷ್ಟಿದ್ದದ್ದು ಇಲ್ಲಿ ಕಿಟಕಿಯಷ್ಟಾಯಿತು. ನನ್ನ ಬಾಯಿ, ನನ್ನ ಕನ್ನಡಕ, ಪಕ್ಕದ ಸೀಟಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು. ಅವಳು ಇನ್ನೂ ದೊಡ್ಡದು ಮಾಡಿದಳು. ನನ್ನ ಬಲ ಭುಜದ ಹಿಂದೆ, ಬಾಗಿಲಿನ ಪಕ್ಕದ ಕಂಬಕ್ಕೆ ಅಂಟಿಕೊಂಡು, ಕಪ್ಪು ಪಟ್ಟಿಯೊಂದು ನೆಟ್ಟಗೆ ಇಳಿಬಿದ್ದಿತ್ತು. ಅದರ ಮೇಲಿನ ಲೋಹದ ನಾಲಿಗೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಪೇದೆ ಮೌಸಿನಿಂದ ಕೈ ತೆಗೆದಳು. ಬೈಕಿನವನೊಬ್ಬ ಕೆಮ್ಮಿದ.

ಫೋಟೊದ ಮೂಲೆಯಲ್ಲಿ ತಾರೀಖಿತ್ತು: ಎರಡು ವಾರದ ಹಿಂದಿನ ಭಾನುವಾರ ಬೆಳಗ್ಗೆ. ಈಗ ಎಲ್ಲ ನೆನಪಾಯಿತು. ಭಾನುವಾರಗಳು ಇಲ್ಲಿ ನನಗೆ ಬಹಳ ಉದ್ದ. ಮಾತನಾಡಲು ಯಾರೂ ಇರುವುದಿಲ್ಲ. ಅದಕ್ಕೇ ಸೊಪ್ಪಿನ ನೆಪದಲ್ಲಿ ಮಾರ್ಕೆಟ್ಟಿಗೆ ಹೋಗುತ್ತೇನೆ. ಈಚೆಗೆ ತರಕಾರಿಯವಳು ಕೇಳದೆಯೇ ಕರಿಬೇವು ಹಾಕಿಕೊಡುತ್ತಾಳೆ, ಮನೆಯವರು ಹೇಗಿದ್ದಾರೆ ಎಂದು ಕೇಳುವ ಹಾಗೆ. ಅವತ್ತು ಗೇಟಿನಲ್ಲಿ ನಂಜಪ್ಪನವರು, "ಎಲ್ಗಮ್ಮಾ ಹೊತ್ತಾರೆನೇ?" ಎಂದು ಕೇಳಿದ್ದರು. ಎಂಜಿನ್ ಚಾಲೂ ಮಾಡುತ್ತ, ಸೆರಗು ಹೊದೆಯುತ್ತ ನಾನು ಉತ್ತರ ಕೊಟ್ಟಿದ್ದೆ. ಅಚ್ಚ ಇಲ್ಲಿನವಳ ಹಾಗೆ, ಒಂದು ಸ್ವರವೂ ಹೆಚ್ಚಿಲ್ಲದೆ:

"ಇಲ್ಲೇ ತಾನೆ, ಸಾರಕ್ಕಿಗೆ ಹೋಗ್ಬರ್ತೀನಿ."

ಎರಡು ತಿಂಗಳು ಕಷ್ಟಪಟ್ಟು ಕಲಿತದ್ದಲ್ಲವೆ. ಎಷ್ಟು ಚೆನ್ನಾಗಿ ಬಂತು ಎಂದು ಖುಷಿಯೂ ಪಟ್ಟಿದ್ದೆ. ಕೈ ಬೆಲ್ಟಿಗೆ ಹೋಗಲೇ ಇಲ್ಲ.

ಹತ್ತು ದಿನ ಬೀದಿಯಲ್ಲಿ ನಿಂತು ಊರನ್ನೆಲ್ಲ ಬೈದಿದ್ದೆ. ಉಗಿಯುವ ಟೈ ಮನುಷ್ಯನನ್ನು ನೋಡಿ ಹುಟ್ಟಿದ ಹೇಸಿಗೆ ಈಗ ನನ್ನ ಮೇಲೆಯೇ ತಿರುಗಿತ್ತು. ಸುಳ್ಳು ಹೇಳುವವರು ಸುಳ್ಳೆಂದು ಗೊತ್ತಿದ್ದು ಹೇಳುತ್ತಾರೆ. ನಾನು ನಂಬಿಕೊಂಡು ನಾಲ್ಕು ಪುಟ ಬರೆದಿದ್ದೆ, ಅದೂ ಇಷ್ಟು ಚೆಂದದ ಅಕ್ಷರದಲ್ಲಿ.

"ಪರವಾಗಿಲ್ಲ ಆಂಟಿ," ಪೇದೆ ಮೆಲ್ಲನೆ ಅಂದಳು. "ಇಲ್ಲೇ ಕಟ್ಬೇಕು ಅಂತೇನಿಲ್ಲ. ಅರ್ಧಕ್ಕೆ ಬಿಟ್ಟಾಗ ಆನ್‌ಲೈನಲ್ಲಿ..."

"ಬೇಡ. ಪೂರ್ತಿ ತಗೊಳ್ಳಿ," ಎಂದೆ. "ಈಗಲೇ."

ರಸೀದಿ ಕೊಟ್ಟಳು. ಪತ್ರವನ್ನು ವಾಪಸ್ ಕೊಡಲು ಹೋದಾಗ, ಇಟ್ಟುಕೊಳ್ಳಿ ಎಂದೆ. ಮಗಳಿಗೆ ತೋರಿಸುತ್ತೇನೆ, ಅವಳ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಮನೆ ತಲುಪಿದಾಗ ನಂಜಪ್ಪನವರು ಗೇಟಿನಲ್ಲೇ ಇದ್ದರು. ಇಸ್ತ್ರಿಯವಳೂ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಕತ್ತೆತ್ತಿದಳು. ನಾನು ಇಳಿದು ಗೇಟು ತೆಗೆಯುವಷ್ಟರಲ್ಲಿ ಕೇಳಿಯೇಬಿಟ್ಟರು: "ಏನಂದ್ರಮ್ಮಾ? ಕ್ಯಾನ್ಸಲ್ಲಾ?"

ಕ್ಯಾನ್ಸಲ್ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಸೀದಿ ಪರ್ಸಿನಲ್ಲಿತ್ತು.

"ಬೆಲ್ಟ್ ಹಾಕಿರಲಿಲ್ಲ ನಂಜಪ್ಪನವರೇ," ಎಂದೆ. "ತಪ್ಪು ನನ್ನದೇ. ಪೂರ್ತಿ ಕಟ್ಟಿ ಬಂದೆ."

ನಗುತ್ತಾರೆ ಎಂದು ಕಾದೆ. ನಕ್ಕರು ಕೂಡ, ಆದರೆ ನಾನು ಕಾದಿದ್ದ ನಗು ಅದಲ್ಲ.

"ಹೋಗ್ಲಿ ಬಿಡಿ," ಎಂದರು. "ಈಗ ನಮ್ಮೋರಾದ್ರಿ."

ಹೇಳಿ, ಇದನ್ನು ಎಲ್ಲಿಡಲಿ? ಬೊಂಬಾಯಿಯಲ್ಲಿ ನಲವತ್ತಾರು ವರ್ಷ ಸರಿಯಾಗಿ ಓಡಿಸಿದೆ, ಯಾರೂ ಆ ಮಾತು ಹೇಳಲಿಲ್ಲ. ಇಲ್ಲಿ ಒಂದು ಭಾನುವಾರ ತಪ್ಪಿ ನಡೆದದ್ದಕ್ಕೆ ಸಿಕ್ಕಿತು. ಅಸಹ್ಯವೂ ಆಯಿತು, ಕಣ್ಣೂ ತುಂಬಿತು. ನಂಬರ್ ಬದಲಿಸುವ ಫಾರಂ ಈಗ ಕಳಿಸಬಹುದು, ಅಡ್ಡಿಯಿಲ್ಲ. ಆದರೂ ಅದು ಇನ್ನೂ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಕೆಳಗಿದೆ.

ಕಾರು ಬಿಸಿಲಿನಲ್ಲಿ ನಿಂತಿತ್ತು. ಒಳಗೆ ಮಾವಿನ ಮರದ ನೆರಳಿಗೆ ತರಬೇಕಿತ್ತು, ಹೆಚ್ಚೆಂದರೆ ಹತ್ತು ಹೆಜ್ಜೆ. ಮತ್ತೆ ಹತ್ತಿ ಕೂತು ಬೆಲ್ಟ್ ಎಳೆದು ಬಿಗಿದೆ. ಟಕ್ ಎಂದಿತು. ಸೆರಗನ್ನು ಅದರ ಮೇಲೆ ಹೊದೆಯಲಿಲ್ಲ. ನೆರಿಗೆ ಮುದುಡಿದರೆ ಮುದುಡಲಿ.

"ಅಯ್ಯೋ ಅಮ್ಮಾ!" ನಂಜಪ್ಪನವರು ಗೇಟು ಹಿಡಿದುಕೊಂಡು ಕೂಗಿದರು. "ಇಲ್ಲೇ ತಾನೆ!"

ಆ ಹತ್ತು ಹೆಜ್ಜೆ ನಾನು ಬೊಂಬಾಯಿಯವಳಾಗಿಯೇ ಓಡಿಸಿದೆ.